ವಿವೇಕಾನಂದರಿಗೂ ಉಬ್ಬಸ ಇತ್ತು: ಫೋಟೊದಲ್ಲಿ ಕಾಣದ ಕಥೆ

ಜನವರಿ 12 ಬಂತೆಂದರೆ ನಿಮ್ಮ ವಾಟ್ಸಾಪ್ ಗುಂಪಿಗೂ ಆ ಫೋಟೊ ಬಂದೇ ಬರುತ್ತದೆ. ತಲೆಗೆ ಪೇಟ, ಎದೆಯ ಮೇಲೆ ಕೈಕಟ್ಟಿ ನಿಂತ ಸ್ವಾಮಿ ವಿವೇಕಾನಂದರು. ಬಸವನಗುಡಿಯ ಬುಲ್ ಟೆಂಪಲ್ ರಸ್ತೆಯ ರಾಮಕೃಷ್ಣ ಮಠದ ಮುಂದೆ ದಿನಾ ವಾಕಿಂಗ್ ಹೋಗುವವರಿಗೂ ಮನಸ್ಸಿನಲ್ಲಿರುವುದು ಅದೇ ಗಟ್ಟಿ ದೇಹ. ಆದರೆ ಆ ಎದೆಯೊಳಗೆ ಉಬ್ಬಸ ಇತ್ತು. ಗೂರಲು, ದಮ್ಮು, ಅಸ್ತಮಾ, ನಿಮ್ಮ ಮನೆಯಲ್ಲಿ ಏನೆಂದು ಕರೆಯುತ್ತೀರೋ ಅದೇ.

ಕಲ್ಕತ್ತೆಯಲ್ಲಿ 1863ರಲ್ಲಿ ಹುಟ್ಟಿದ ನರೇಂದ್ರ ಚಿಕ್ಕಂದಿನಲ್ಲಿ ಕುಸ್ತಿ, ಈಜು ಎಲ್ಲ ಕಲಿತ ಹುಡುಗ. ವಕೀಲರಾಗಿದ್ದ ತಂದೆಯ ಬೈಠಕ್ಕಿನಲ್ಲಿ ಜಾತಿಗೊಂದರಂತೆ ಹುಕ್ಕಾ ಇಟ್ಟಿರುತ್ತಿದ್ದರಂತೆ. ಜಾತಿ ಹೇಗೆ ಕೆಡುತ್ತದೆ ನೋಡೋಣ ಎಂದು ಹುಡುಗ ಒಂದೊಂದನ್ನೂ ಸೇದಿ ನೋಡಿದ ಕಥೆ ಪ್ರಸಿದ್ಧ. ಜಾತಿ ಕೆಡಲಿಲ್ಲ, ಆದರೆ ತಂಬಾಕು ಮುಂದೆಯೂ ಅವರನ್ನು ಬಿಡಲಿಲ್ಲ. ಸನ್ಯಾಸಿಯಾದ ಮೇಲೂ ಹುಕ್ಕಾ ಸೇದುತ್ತಿದ್ದರು. ಇದನ್ನು ಹೇಳಿದರೆ ಕೆಲವರಿಗೆ ಬೇಸರವಾಗುತ್ತದೆ. ಅವರ ಜೀವನ ಬರೆದವರು ಮುಚ್ಚಿಡದ ಸಂಗತಿಯನ್ನು ನಾವೇಕೆ ಮುಚ್ಚಿಡಬೇಕು?

1892ರಲ್ಲಿ ಪರಿವ್ರಾಜಕರಾಗಿ ದೇಶ ಸುತ್ತುವಾಗ ಬೆಂಗಳೂರಿಗೂ ಬಂದರು. ಮೈಸೂರು ಸರ್ಕಾರದ ಸೇವೆಯಲ್ಲಿದ್ದ ವೈದ್ಯ ಡಾ. ಪಲ್ಪು ಅವರನ್ನು ಕಂಡರು, ದಿವಾನ್ ಶೇಷಾದ್ರಿ ಅಯ್ಯರ್ ಅವರನ್ನು ಕಂಡರು. ಮರುವರ್ಷ ಷಿಕಾಗೊ. 1897ರಲ್ಲಿ ದೇಶಕ್ಕೆ ಮರಳುವ ಹೊತ್ತಿಗೆ ದೇಹ ಸೋತಿತ್ತು, ಸಕ್ಕರೆ ಕಾಯಿಲೆ ಜೊತೆಯಾಗಿತ್ತು. 1898ರಲ್ಲಿ ಅಮರನಾಥ ಯಾತ್ರೆ ಮುಗಿಸಿ ಬಂದವರಿಗೆ ಉಸಿರಿನ ತೊಂದರೆ ಜೋರಾಯಿತು. ಹವಾ ಬದಲಾವಣೆಗೆಂದು ದೇವಘರ್‌ಗೆ ಹೋದರೆ ಅಲ್ಲಿ ಇನ್ನೂ ಕೆಟ್ಟ ದಾಳಿ. ಮಲಗಲಾಗದೆ ಎತ್ತರದ ದಿಂಬಿಗೆ ಒರಗಿ ಕೂತು, ಉಸಿರಿಗಾಗಿ ಹೋರಾಡಿದರು.

ಉಬ್ಬಸದವರು ಎದ್ದು ಕೂರುವುದೇಕೆ? ಶ್ವಾಸನಾಳದ ಒಳಪದರ ಊದಿ, ಸುತ್ತಲಿನ ಸ್ನಾಯು ಬಿಗಿದು, ದಾರಿ ಕಿರಿದಾಗುತ್ತದೆ. ಎಳೆದುಕೊಂಡ ಗಾಳಿ ಹೊರಗೆ ಹೋಗುವುದೇ ಕಷ್ಟ, ಅದರಿಂದ ಸುಂಯ್ ಸದ್ದು. ಕೂತರೆ ವಪೆ ಮತ್ತು ಭುಜದ ಸ್ನಾಯುಗಳು ಉಸಿರಾಟಕ್ಕೆ ಹೆಗಲು ಕೊಡುತ್ತವೆ. ಆದರೆ ಮಲಗಿದರೆ ಉಸಿರು ಕಟ್ಟುವುದು, ಜೊತೆಗೆ ಕಾಲು ಬಾವು ಬರುವುದು ಹೃದಯದ ತೊಂದರೆಯೂ ಆಗಿರಬಹುದು. ವಿವೇಕಾನಂದರಿಗೆ ಕೊನೆಯ ವರ್ಷಗಳಲ್ಲಿ ಬಾವೂ ಬಂದಿತ್ತು. ಇಂದಾದರೆ ಎದೆಯ ಎಕ್ಸ್‌ರೇ, ಎಕೋ, ಸ್ಪೈರೋಮೆಟ್ರಿ ಮಾಡುತ್ತಿದ್ದರು. ಸ್ಪೈರೋಮೆಟ್ರಿ ಎಂದರೆ ಕೊಳವೆಗೆ ಜೋರಾಗಿ ಊದುವ ಪರೀಕ್ಷೆ. ಶ್ವಾಸನಾಳ ಅಗಲಿಸುವ ಔಷಧಿ ಕೊಟ್ಟು ಸುಮಾರು 15 ನಿಮಿಷದ ನಂತರ ಮತ್ತೆ ಊದಿಸುತ್ತಾರೆ. ಚೆನ್ನಾಗಿ ಸುಧಾರಿಸಿದರೆ ಅಸ್ತಮಾ ಎನ್ನಲು ಬಲ ಬರುತ್ತದೆ. ಬೀಡಿ ಸಿಗರೇಟಿನಿಂದಲೋ ಸೌದೆ ಒಲೆಯ ಹೊಗೆಯಿಂದಲೋ ಬರುವ ಸಿಒಪಿಡಿಯಲ್ಲಿ ದಾರಿ ಪೂರ್ತಿ ಬಿಡುವುದಿಲ್ಲ.

1901ರಲ್ಲಿ ಶಿಲ್ಲಾಂಗ್‌ನಲ್ಲಿ ಮತ್ತೆ ದಾಳಿ. ಅಸ್ಸಾಮಿನ ಚೀಫ್ ಕಮಿಷನರ್ ಆಗಿದ್ದ ಸರ್ ಹೆನ್ರಿ ಕಾಟನ್ ಸಿವಿಲ್ ಸರ್ಜನ್‌ರನ್ನೇ ಕಳಿಸಿದರು. ಆದರೆ ಆ ಡಾಕ್ಟರ ಚೀಲದಲ್ಲಿ ಏನಿದ್ದೀತು? ಅಡ್ರಿನಲಿನ್ ಅನ್ನು ಬೇರ್ಪಡಿಸಿದ್ದು ಹೆಚ್ಚೂಕಡಿಮೆ ಆಗಲೇ. ಅದನ್ನು ಅಸ್ತಮಾ ದಾಳಿಗೆ ಬಳಸಿದ ವರದಿ ಬಂದದ್ದು 1903ರಲ್ಲಿ. ಅಷ್ಟರಲ್ಲಿ ವಿವೇಕಾನಂದರು ಇರಲಿಲ್ಲ. ಆ ಕಾಲದಲ್ಲಿ ಉಮ್ಮತ್ತಿ ಎಲೆ ತುಂಬಿದ ಅಸ್ತಮಾ ಸಿಗರೇಟುಗಳು ಮಾರಾಟಕ್ಕಿದ್ದವು. ತಮಾಷೆಯೆಂದರೆ ಉಮ್ಮತ್ತಿ ಹೊಗೆಯ ಈ ಮದ್ದು ಬ್ರಿಟನ್ನಿಗೆ ಹೋದದ್ದೇ 1802ರಲ್ಲಿ ನಮ್ಮ ಪಕ್ಕದ ಮದ್ರಾಸಿನಿಂದ. ಉಮ್ಮತ್ತಿಯಲ್ಲಿರುವ ಅಟ್ರೋಪಿನ್ ಶ್ವಾಸನಾಳ ಸಡಿಲಿಸುತ್ತದೆ ನಿಜ. ಇಂದಿನ ಇಪ್ರಾಟ್ರೋಪಿಯಂ, ಟಯೋಟ್ರೋಪಿಯಂ ಇನ್‌ಹೇಲರ್‌ಗಳು ಅದೇ ವಂಶದವು. ಹಾಗೆಂದು ಯಾರೂ ಹಿತ್ತಲಿನ ಉಮ್ಮತ್ತಿಗೆ ಕೈ ಹಾಕಬೇಡಿ. ಅದು ವಿಷ, ಎಲೆಯಲ್ಲಿ ಎಷ್ಟು ಪ್ರಮಾಣ ಇದೆಯೆಂದು ಕಣ್ಣಳತೆಯಲ್ಲಿ ತಿಳಿಯದು.

ಅದೇ ವರ್ಷ ಒಬ್ಬ ಕವಿರಾಜರು ಅವರಿಗೆ 21 ದಿನ ನೀರೂ ಇಲ್ಲದ, ಉಪ್ಪೂ ಇಲ್ಲದ ಪಥ್ಯ ಹೇಳಿದರು. ವಿವೇಕಾನಂದರು ಚಾಚೂ ತಪ್ಪದೆ ಪಾಲಿಸಿದರು. ಅದು ಬಾವಿಗೆ ಕೊಟ್ಟ ಪಥ್ಯ, ಉಬ್ಬಸಕ್ಕಲ್ಲ. ಸಕ್ಕರೆ ಕಾಯಿಲೆ ಇರುವವರು ನೀರು ಬಿಟ್ಟರೆ ಮೂತ್ರಪಿಂಡಕ್ಕೇ ಅಪಾಯ. ಇದನ್ನು ಮನೆಮದ್ದೆಂದು ಯಾರಾದರೂ ಕಳಿಸಿದರೆ ಅಲ್ಲಿಗೇ ನಿಲ್ಲಿಸಿ.

1902ರ ಜುಲೈ 4ರಂದು, 39 ವರ್ಷಕ್ಕೆ, ಬೇಲೂರು ಮಠದಲ್ಲಿ ಅವರು ತೀರಿಕೊಂಡರು. ಉಬ್ಬಸದಿಂದಲೇ ಸತ್ತರು ಎನ್ನುವುದು ತಪ್ಪು. ಆ ದಿನ ಅವರು ಶಿಷ್ಯರಿಗೆ ಸಂಸ್ಕೃತ ವ್ಯಾಕರಣ ಪಾಠ ಮಾಡಿದ್ದರು, ಸಂಜೆ ದೂರ ನಡೆದು ಬಂದಿದ್ದರು.

ಅವರಿಗೆ ಸಿಗದೇ ಹೋದದ್ದು ಇಂದು ನಮ್ಮ ಗಾಂಧಿಬಜಾರಿನ ಮೆಡಿಕಲ್ ಸ್ಟೋರಿನಲ್ಲಿದೆ. ಆದರೂ ಇನ್‌ಹೇಲರ್ ಎಂದರೆ ಚಟ ಹಿಡಿಯುತ್ತದೆ, ಅದು ಕೊನೆಯ ಹಂತದ ಔಷಧಿ ಎಂಬ ಮಾತು ಮನೆಮನೆಯಲ್ಲಿ. ಇನ್‌ಹೇಲರ್ ಚಟವಲ್ಲ. ಅದರ ಸ್ಟಿರಾಯ್ಡ್ ಮೈಕ್ರೋಗ್ರಾಮಿನ ಲೆಕ್ಕದ್ದು, ನುಂಗುವ ಮಾತ್ರೆಯದು ಮಿಲಿಗ್ರಾಮಿನ ಲೆಕ್ಕ. ಒಂದು ಮಿಲಿಗ್ರಾಮಿಗೆ 1,000 ಮೈಕ್ರೋಗ್ರಾಮ್. ಸ್ಟಿರಾಯ್ಡ್ ಊತ ಇಳಿಸುವುದು ನಿಧಾನ, ದಿನವೂ ಬೇಕು. ಬಳಸಿದ ಮೇಲೆ ಬಾಯಿ ಮುಕ್ಕಳಿಸಿ. ಉಸಿರು ಸರಿಹೋಯಿತೆಂದು ಅದನ್ನು ಬಿಟ್ಟು, ತಕ್ಷಣ ಆರಾಮ ಕೊಡುವ ಸಾಲ್ಬುಟಮಾಲ್ ಒಂದನ್ನೇ ಪದೇ ಪದೇ ಎಳೆಯುವವರಿಗೇ ಅಪಾಯ ಹೆಚ್ಚು.

ಬೆಂಗಳೂರಿನ ಶೇ. 29.5 ಮಕ್ಕಳಿಗೆ ಅಸ್ತಮಾ ಎಂಬ ಅಂಕಿಯನ್ನೂ ನೀವು ನೋಡಿರಬಹುದು. ಅದು 1999ರ ಆಸ್ಪತ್ರೆ ಅಧ್ಯಯನದ್ದು, ಅಂದರೆ ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕ, ಊರಿನ ಎಲ್ಲ ಮಕ್ಕಳದಲ್ಲ. ಆದರೆ ಅದೇ ಅಧ್ಯಯನದಲ್ಲಿ 1979ರ ಅಂಕಿ ಶೇ. 9 ಇತ್ತು ಎಂಬುದನ್ನೂ ಮರೆಯುವಂತಿಲ್ಲ.

ಮನೆಯಲ್ಲಿ ಯಾರಿಗಾದರೂ ಒಂದು ವಾಕ್ಯ ಪೂರ್ತಿ ಮಾತನಾಡಲಾಗದಷ್ಟು ದಮ್ಮು ಕಟ್ಟಿದರೆ, ತುಟಿ ನೀಲಿಗಟ್ಟಿದರೆ, ಇನ್‌ಹೇಲರ್ ಎಳೆದರೂ ಕಡಿಮೆಯಾಗದಿದ್ದರೆ 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವ ತನಕ ಮಲಗಿಸಬೇಡಿ, ದಿಂಬು ಕೊಟ್ಟು ಕೂರಿಸಿ.