ಅಡಿಗೆಮನೆಗೆ ಶಾಸ್ತ್ರವನ್ನು ತಂದ ಎಲೆನ್ ರಿಚರ್ಡ್ಸ್ ಅಮ್ಮನವರು

ಹಸಿದವರಿಗೆ ಅನ್ನವಿಕ್ಕುವವರನ್ನು ನಮ್ಮ ನಾಡಿನಲ್ಲಿ ಎಲ್ಲರೂ ಗೌರವಿಸುವರು. ಆದರೆ ನೂರಾರು ಜನರಿಗೆ ಅನ್ನವಿಕ್ಕುವುದಕ್ಕೆ ಒಳ್ಳೆಯ ಮನಸ್ಸೊಂದೇ ಸಾಲದು, ವಿದ್ಯೆಯೂ ಬೇಕು, ಆ ವಿದ್ಯೆಯನ್ನು ಕಲಿತುದಕ್ಕೆ ಪರೀಕ್ಷೆಯೂ ಪ್ರಮಾಣಪತ್ರವೂ ಬೇಕು ಎಂದರೆ ಕೆಲವರು ಇಂದಿಗೂ ನಗುವರು. ಅಡಿಗೆಯನ್ನು ತಾಯಿಯ ಬಳಿ ಕಲಿಯುವುದುಂಟು. ಕಾಲೇಜಿನಲ್ಲಿ ಕಲಿಯುವುದುಂಟೇ ಎಂದು ಅವರು ಕೇಳುವರು. ಈ ಪ್ರಶ್ನೆಗೆ ತನ್ನ ಜೀವಮಾನವನ್ನೇ ಉತ್ತರವಾಗಿ ಕೊಟ್ಟ ಒಬ್ಬ ಸ್ತ್ರೀಯ ಚರಿತ್ರೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮುಂದೆಯೂ ಅವರ ತಾಯಿತಂದೆಗಳ ಮುಂದೆಯೂ ಇಡಬೇಕೆಂದು ನಾವು ಈ ಲೇಖನವನ್ನು ಬರೆಯಲು ತೊಡಗಿದ್ದೇವೆ.

ಎಲೆನ್ ಸ್ವಾಲೊ ಎಂಬಾಕೆಯು 1842ನೆಯ ಇಸವಿಯ ಡಿಸೆಂಬರ್ 3ರಂದು ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಡನ್‌ಸ್ಟೇಬಲ್ ಎಂಬ ಹಳ್ಳಿಯಲ್ಲಿ ಹುಟ್ಟಿದಳು. ತಂದೆತಾಯಿಗಳಿಗೆ ಆಕೆಯೊಬ್ಬಳೇ ಮಗಳು. ಇಬ್ಬರೂ ಉಪಾಧ್ಯಾಯರಾಗಿದ್ದವರು, ಹೊಲವು ಅವರ ಜೀವನಾಧಾರವಾಗಿತ್ತು. ಮಗಳು ಚಿಕ್ಕವಳಿದ್ದಾಗ ಮನೆಯಲ್ಲಿಯೇ ಪಾಠ ಕಲಿತಳು. ಆಕೆಯ ವಿದ್ಯಾಭ್ಯಾಸಕ್ಕಾಗಿಯೇ ತಂದೆಯು 1859ರಲ್ಲಿ ವೆಸ್ಟ್‌ಫರ್ಡ್ ಎಂಬ ಊರಿಗೆ ಬಂದು ದಿನಸಿನ ಅಂಗಡಿಯನ್ನಿಟ್ಟನು. ಎಲೆನ್ ಶಾಲೆಗೆ ಹೋಗಿ ಬಂದು ಅಂಗಡಿಯಲ್ಲಿ ತೂಗಿ ಅಳೆದು ಕೊಡುವಳು, ಲೆಕ್ಕ ಬರೆಯುವಳು, ಮನೆಯಲ್ಲಿ ರೊಟ್ಟಿ ಸುಡುವಳು. ಜನರು ಏನನ್ನು ಕೊಳ್ಳುವರು, ಏನನ್ನು ನಂಬಿ ಕೊಳ್ಳುವರು ಎಂಬುದನ್ನು ಆಕೆಯು ಮೊದಲು ತಿಳಿದದ್ದು ಆ ಅಂಗಡಿಯ ಕಟ್ಟೆಯ ಹಿಂದೆ ನಿಂತು.

ಆ ಕಾಲದಲ್ಲಿ ಹುಡುಗಿಯರಿಗೆ ಕಾಲೇಜುಗಳು ಬಹಳ ವಿರಳ. ಎಲೆನ್ ಮಕ್ಕಳಿಗೆ ಪಾಠ ಹೇಳಿ, ಹಲವು ಮನೆಗಳಲ್ಲಿ ದುಡಿದು, ಕಾಸಿಗೆ ಕಾಸು ಕೂಡಿಸಿ, 1868ರಲ್ಲಿ ತನ್ನ 25ನೆಯ ವಯಸ್ಸಿನಲ್ಲಿ ನ್ಯೂಯಾರ್ಕ್ ಸಂಸ್ಥಾನದ ವಾಸರ್ ಕಾಲೇಜನ್ನು ಸೇರಿದಳು. ಅಲ್ಲಿ ನಕ್ಷತ್ರಶಾಸ್ತ್ರದಲ್ಲಿ ಹೆಸರಾಂತ ಮರಾಯಾ ಮಿಚೆಲ್ ಎಂಬ ವಿದುಷಿಯ ಶಿಷ್ಯೆಯಾದರೂ, ಆಕೆಯ ಮನಸ್ಸನ್ನು ಸೆಳೆದದ್ದು ರಸಾಯನಶಾಸ್ತ್ರ. ಶಾಸ್ತ್ರವು ಜನರ ನಿತ್ಯಜೀವನದ ಕಷ್ಟಗಳಿಗೆ ಪರಿಹಾರವಾಗಬೇಕೆಂಬ ಬೋಧೆಯು ಆಕೆಯ ಹೃದಯದಲ್ಲಿ ನಾಟಿತು. 1870ರಲ್ಲಿ ಪದವೀಧರೆಯಾಗಿ ಹೊರಬಂದ ಆಕೆಗೆ ರಸಾಯನಶಾಲೆಗಳಲ್ಲಿ ಕೆಲಸ ದೊರೆಯಲಿಲ್ಲ. ಆಗ ಬೋಸ್ಟನ್ ನಗರದಲ್ಲಿದ್ದ ಮ್ಯಾಸಚೂಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಎಂಬ ವಿದ್ಯಾಲಯಕ್ಕೆ ಆಕೆಯು ಅರ್ಜಿ ಹಾಕಿದಳು. ಆ ವಿದ್ಯಾಲಯವು ಅದುವರೆಗೆ ಒಬ್ಬ ಹೆಂಗಸನ್ನೂ ಸೇರಿಸಿಕೊಂಡಿರಲಿಲ್ಲ.

ಅಧಿಕಾರಿಗಳು ಆಕೆಯನ್ನು ಫೀಜಿಲ್ಲದೆ ಸೇರಿಸಿಕೊಂಡರು. ತಾನು ಬಡವಳೆಂಬ ಕನಿಕರದಿಂದ ಹೀಗೆ ಮಾಡಿದರೆಂದು ಆಕೆಯು ಎಣಿಸಿದಳು. ನಿಜವಾದ ಕಾರಣವು ಬಹುಕಾಲದ ಮೇಲೆ ತಿಳಿಯಿತು. ಯಾರಾದರೂ ಆಕ್ಷೇಪಣೆ ಮಾಡಿದರೆ, ಈಕೆಯು ನಮ್ಮ ವಿದ್ಯಾರ್ಥಿನಿಯೇ ಅಲ್ಲವೆಂದು ಹೇಳಿ ತಪ್ಪಿಸಿಕೊಳ್ಳಲು ಅವರು ಇಟ್ಟುಕೊಂಡಿದ್ದ ಉಪಾಯವದು. ಎಲೆನ್ ಯಾರೊಡನೆಯೂ ವಾದಕ್ಕಿಳಿಯಲಿಲ್ಲ. ಮೇಜಿನ ಧೂಳೊರಸುವಳು, ಪ್ರೊಫೆಸರರ ಕಾಗದಗಳನ್ನು ಹೊಲಿದುಕೊಡುವಳು, ಯಾರದಾದರೂ ಬೆರಳಿಗೆ ಗಾಯವಾದರೆ ಬಟ್ಟೆ ಕಟ್ಟುವಳು. ಇಷ್ಟನ್ನೂ ಮಾಡಿ ತನ್ನ ಪಾಠದಲ್ಲಿ ಯಾರಿಗೂ ಹಿಂದೆ ಬೀಳಲಿಲ್ಲ. 1873ರಲ್ಲಿ ಆಕೆಗೆ ಬಿ.ಎಸ್‌ಸಿ. ಪದವಿಯು ದೊರೆಯಿತು; ಆ ವಿದ್ಯಾಲಯದ ಪದವಿಯನ್ನು ಪಡೆದ ಮೊದಲನೆಯ ಸ್ತ್ರೀ ಆಕೆಯೇ. ಆಮೇಲೆ ಇನ್ನೂ ಎರಡು ವರ್ಷ ಅಲ್ಲಿಯೇ ಅಭ್ಯಾಸಮಾಡಿದರೂ ಡಾಕ್ಟರ್ ಪದವಿಯು ದೊರೆಯಲಿಲ್ಲ. ರಸಾಯನಶಾಸ್ತ್ರದ ಮೊದಲನೆಯ ಡಾಕ್ಟರ್ ಪದವಿಯು ಹೆಂಗಸೊಬ್ಬಳಿಗೆ ಹೋಗುವುದು ಅಲ್ಲಿಯ ಹಿರಿಯರಿಗೆ ಸರಿಬೀಳಲಿಲ್ಲವೆಂದು ಆಕೆಯ ಪತಿಯು ಮುಂದೆ ತಿಳಿಸಿದ್ದಾನೆ. ವಿದ್ಯೆಯನ್ನು ಕಲಿತೂ ಅದರ ಪ್ರಮಾಣಪತ್ರವಿಲ್ಲದೆ ನಿಲ್ಲುವುದೆಂದರೇನೆಂಬುದನ್ನು ಆಕೆಯು ಅನುಭವದಿಂದ ಅರಿತಿದ್ದಳು.

1875ರ ಜೂನ್ ತಿಂಗಳಲ್ಲಿ ಆಕೆಯು ಅದೇ ವಿದ್ಯಾಲಯದಲ್ಲಿ ಗಣಿವಿದ್ಯೆಯ ಪ್ರೊಫೆಸರರಾಗಿದ್ದ ರಾಬರ್ಟ್ ರಿಚರ್ಡ್ಸ್ ಎಂಬವರನ್ನು ವಿವಾಹವಾದಳು. ದಂಪತಿಗಳು ವಿವಾಹಾನಂತರದ ಪ್ರವಾಸಕ್ಕಾಗಿ ನೋವಾ ಸ್ಕೋಷಿಯಾಕ್ಕೆ ಹೊರಟಾಗ ಪ್ರೊಫೆಸರರ ಶಿಷ್ಯವೃಂದವೂ ಗಣಿಗಳನ್ನು ನೋಡಲು ಜೊತೆಯಲ್ಲಿಯೇ ಹೊರಟಿತೆಂಬುದನ್ನು ಓದಿದಾಗ ನಮಗೆ ನಗು ತಡೆಯಲಾಗಲಿಲ್ಲ. ಇನ್ನು ಮುಂದೆ ನಾವು ಆಕೆಯನ್ನು ರಿಚರ್ಡ್ಸ್ ಅಮ್ಮನವರೆಂದು ಕರೆಯುವೆವು.

ಅಮ್ಮನವರು ತಮಗೆ ತೆರೆದ ಬಾಗಿಲನ್ನು ತಮ್ಮ ಹಿಂದೆ ಮುಚ್ಚಗೊಡಲಿಲ್ಲ. 1876ರಲ್ಲಿ ಬೋಸ್ಟನ್ನಿನ ಸ್ತ್ರೀವಿದ್ಯಾಭಿಮಾನಿಗಳ ಧನಸಹಾಯದಿಂದ ಆ ವಿದ್ಯಾಲಯದಲ್ಲಿಯೇ ಸ್ತ್ರೀಯರಿಗಾಗಿ ಒಂದು ಪ್ರಯೋಗಶಾಲೆಯು ಸ್ಥಾಪಿತವಾಯಿತು. ಅಲ್ಲಿ ಅಮ್ಮನವರು ಸಂಬಳವಿಲ್ಲದೆ ಪಾಠ ಹೇಳಿದುದಲ್ಲದೆ ತಮ್ಮ ಕೈಯಿಂದಲೂ ಹಣವನ್ನು ಕೊಡುತ್ತಿದ್ದರು. 1883ರಲ್ಲಿ ಆ ಪ್ರಯೋಗಶಾಲೆಯು ಮುಚ್ಚಿತು. ಅದು ಸೋಲಲ್ಲ, ವಿದ್ಯಾಲಯವು ಸ್ತ್ರೀಯರನ್ನು ಪುರುಷರೊಡನೆ ಸಮನಾಗಿ ಸೇರಿಸಿಕೊಳ್ಳತೊಡಗಿದುದರಿಂದ ಅದರ ಅವಶ್ಯಕತೆಯು ತೀರಿತ್ತು.

ಈ ಮಧ್ಯೆ ಸಂಸ್ಥಾನದ ಆರೋಗ್ಯ ಮಂಡಲಿಯವರು ಅಂಗಡಿಗಳಲ್ಲಿ ಮಾರುವ ಆಹಾರಪದಾರ್ಥಗಳನ್ನು ಪರೀಕ್ಷಿಸುವ ಕೆಲಸವನ್ನು ಅಮ್ಮನವರಿಗೆ ಒಪ್ಪಿಸಿದರು. ಬಾಲ್ಯದಲ್ಲಿ ದಿನಸನ್ನು ತೂಗಿಕೊಟ್ಟ ಕೈಯು ಈಗ ಅದೇ ದಿನಸನ್ನು ಗಾಜಿನ ನಳಿಗೆಯಲ್ಲಿಟ್ಟು ಪರೀಕ್ಷಿಸಿತು. ದಾಲ್ಚಿನ್ನಿಯ ಪುಡಿಯಲ್ಲಿ ಮರದ ಹೊಟ್ಟು, ಸಕ್ಕರೆಯಲ್ಲಿ ಮರಳು ಬೆರೆತುದನ್ನು ಆಗ ಅವರು ಕಂಡುಹಿಡಿದರೆಂದು ಚರಿತ್ರಕಾರರು ಹೇಳುವರು. ಕಲಬೆರಕೆಯನ್ನು ತಡೆಯುವ ಶಾಸನವು 1882ರಲ್ಲಿ ಮ್ಯಾಸಚೂಸೆಟ್ಸಿನಲ್ಲಿ ಜಾರಿಗೆ ಬಂದಿತು. ಅಮೆರಿಕ ದೇಶಕ್ಕೆಲ್ಲ ಅಂತಹ ಶಾಸನವಾಗಲು 1906ರವರೆಗೆ ಕಾಯಬೇಕಾಯಿತು. ಆದರೆ ಕಾನೂನೊಂದರಿಂದಲೇ ಕೆಲಸವಾಗದೆಂದು ಅಮ್ಮನವರು ತಿಳಿದಿದ್ದರು. ಕೊಳ್ಳುವವಳಿಗೂ ಅಡುವವಳಿಗೂ ತಿಳುವಳಿಕೆಯಿಲ್ಲದಿದ್ದರೆ ಕಾನೂನು ಅಡಿಗೆಮನೆಯ ಹೊಸ್ತಿಲಲ್ಲಿಯೇ ನಿಂತುಬಿಡುವುದು. ಆದುದರಿಂದ ಅಡಿಗೆಯ ಮತ್ತು ಶುಚಿತ್ವದ ರಸಾಯನವನ್ನು ಕುರಿತೂ, ಆಹಾರದ ಕಲಬೆರಕೆಯನ್ನು ಕುರಿತೂ ಅವರು ಗೃಹಿಣಿಯರಿಗೆ ಅರ್ಥವಾಗುವ ಪುಸ್ತಕಗಳನ್ನು ಬರೆದರು.

1884ರಲ್ಲಿ ಅಮ್ಮನವರು ಆರೋಗ್ಯ ರಸಾಯನಶಾಸ್ತ್ರದ ಬೋಧಕರಾಗಿ ನಿಯಮಿತರಾದರು. ಮರಣದವರೆಗೂ ಆ ಕೆಲಸದಲ್ಲಿದ್ದರು. 1887ರಿಂದ ಎರಡು ವರ್ಷಗಳ ಕಾಲ ಸಂಸ್ಥಾನದ ಕೆರೆ, ಹೊಳೆ, ಬಾವಿಗಳ ನೀರಿನ ಪರೀಕ್ಷೆಯು ಅವರ ಮೇಲ್ವಿಚಾರಣೆಯಲ್ಲಿ ನಡೆಯಿತು. ಸಾವಿರಾರು ಸೀಸೆಗಳಲ್ಲಿ ನೀರು ಬಂದಿತು. ಸಮುದ್ರಕ್ಕೆ ಸಮೀಪದ ನೀರಿನಲ್ಲಿ ಉಪ್ಪಿನಂಶವು ಹೆಚ್ಚು, ಒಳನಾಡಿಗೆ ಹೋದಂತೆಲ್ಲ ಕಡಿಮೆ. ಯಾವ ಸ್ಥಳದಲ್ಲಿ ಎಷ್ಟಿರುವುದು ಸಹಜವೆಂಬುದನ್ನು ಅವರು ಭೂಪಟದ ಮೇಲೆ ಗೆರೆಯೆಳೆದು ತೋರಿಸಿದರು. ಅದಕ್ಕಿಂತ ಹೆಚ್ಚು ಕಂಡಲ್ಲಿ ಮನುಷ್ಯರ ಹೊಲಸು ನೀರಿಗೆ ಸೇರಿರಬಹುದೆಂದು ತಿಳಿಯಬಹುದಾಗಿತ್ತು. ಕಣ್ಣಿಗೆ ತಿಳಿಯಾಗಿ ತೋರಿದ ನೀರು ನಿರ್ಮಲವೆಂಬ ಹಳೆಯ ನಂಬಿಕೆಯು ಇದರಿಂದ ಮುರಿಯಿತು.

1890ರ ಜನವರಿಯಲ್ಲಿ ಅಮ್ಮನವರು ಮೇರಿ ಹಿನ್‌ಮನ್ ಏಬೆಲ್ ಎಂಬವರೊಡನೆ ಬೋಸ್ಟನ್ನಿನಲ್ಲಿ ನ್ಯೂ ಇಂಗ್ಲೆಂಡ್ ಕಿಚನ್ ಎಂಬ ಸಾರ್ವಜನಿಕ ಅಡಿಗೆಮನೆಯನ್ನು ತೆರೆದರು. ಪುಷ್ಟಿಕರವೂ ಶುಚಿಯೂ ಆದ ಆಹಾರವನ್ನು ಕಡಿಮೆ ಬೆಲೆಗೆ ಬಡವರಿಗೆ ಒದಗಿಸುವುದೂ, ಅಡುವ ರೀತಿಯನ್ನು ಅವರ ಕಣ್ಣೆದುರಿಗೇ ತೋರಿಸುವುದೂ ಅದರ ಉದ್ದೇಶ. ಪದಾರ್ಥಗಳ ತೂಕ, ಬೇಯುವ ಹೊತ್ತು, ಬೆಂಕಿಯ ಶಾಖ ಎಲ್ಲವೂ ಲೆಕ್ಕದಂತೆ ನಡೆಯುತ್ತಿದ್ದವು. ಇಂದಿನ ಸಾರು ನಿನ್ನೆಯ ಸಾರಿನಂತೆಯೇ ಇರಬೇಕು. ಆದರೆ ಯಾರಿಗಾಗಿ ಈ ಅಡಿಗೆಮನೆಯು ತೆರೆಯಿತೋ ಅವರಲ್ಲಿ ಬಹುಮಂದಿ ಬರಲಿಲ್ಲ. ಪರದೇಶಗಳಿಂದ ಬಂದು ನೆಲಸಿದ್ದ ಆ ಕೂಲಿಯವರಿಗೆ ತಮ್ಮ ತಮ್ಮ ನಾಡಿನ ರುಚಿಯೇ ಬೇಕಾಗಿತ್ತು. ಇದನ್ನು ನಾವು ಮರೆಮಾಚುವುದಿಲ್ಲ. ಉಣ್ಣುವವರ ನಾಲಿಗೆಯನ್ನು ಕೇಳದೆ ಅಡುವ ಅಡಿಗೆಯು ಎಷ್ಟು ಶುದ್ಧವಾದರೂ ಪಾತ್ರೆಯಲ್ಲಿಯೇ ಉಳಿಯುವುದು. ಶಾಸ್ತ್ರ ಕಲಿತವರು ಕಲಿಯಬೇಕಾದ ಪಾಠವೂ ಉಂಟೆಂದು ಇದರಿಂದ ತಿಳಿಯಬೇಕು.

ಆದರೂ ಅಮ್ಮನವರ ಶ್ರಮವು ವ್ಯರ್ಥವಾಗಲಿಲ್ಲ. 1893ರಲ್ಲಿ ಚಿಕಾಗೋ ನಗರದ ಮಹಾಪ್ರದರ್ಶನದಲ್ಲಿ ಅವರು ರಮ್‌ಫರ್ಡ್ ಕಿಚನ್ ಎಂಬ ಹೆಸರಿನಿಂದ ಅಂತಹುದೇ ಅಡಿಗೆಮನೆಯನ್ನು ನಡೆಸಿ, 30 ಸೆಂಟುಗಳಿಗೆ ಊಟವನ್ನು ಕೊಟ್ಟು, ಆ ಊಟದಲ್ಲಿ ಯಾವ ಪುಷ್ಟಿಯು ಎಷ್ಟಿದೆಯೆಂಬುದನ್ನೂ ಬರೆದು ತಿಳಿಸಿದರು. ಮರುವರ್ಷ ಬೋಸ್ಟನ್ನಿನ ಶಾಲಾಮಂಡಲಿಯವರು, ತಾವು ಒಪ್ಪಿದ ಆಹಾರವನ್ನಲ್ಲದೆ ಬೇರೆಯದನ್ನು ಶಾಲೆಗಳಲ್ಲಿ ಮಾರಕೂಡದೆಂದು ನಿಯಮ ಮಾಡಿದರು. ಹೈಸ್ಕೂಲಿನ ಮಕ್ಕಳಿಗೆ ಮಧ್ಯಾಹ್ನದ ಊಟವನ್ನು ಒದಗಿಸುವ ಭಾರವು ನ್ಯೂ ಇಂಗ್ಲೆಂಡ್ ಕಿಚನ್ನಿಗೆ ಬಂದಿತು. ಮಕ್ಕಳ ಊಟಕ್ಕೆ ಬಲ್ಲವರು ಹೊಣೆಯಾಗಬೇಕೆಂಬ ತತ್ತ್ವವನ್ನು ಒಂದು ನಗರವು ಹೀಗೆ ಒಪ್ಪಿಕೊಂಡಿತು.

ಇಂತಹ ಅಡಿಗೆಮನೆಗಳನ್ನು ನಡೆಸತಕ್ಕವರನ್ನು ತರಬೇತು ಮಾಡುವುದು ಹೇಗೆ? ಈ ವಿಚಾರವನ್ನೂ ಗೃಹಕೃತ್ಯದ ಇತರ ವಿಚಾರಗಳನ್ನೂ ಚರ್ಚಿಸಲು 1899ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಲೇಕ್ ಪ್ಲ್ಯಾಸಿಡ್ ಎಂಬಲ್ಲಿ ಒಂದು ಚಿಕ್ಕ ಸಭೆಯು ಸೇರಿತು. ಕೆಲವೇ ಮಂದಿಯಿಂದ ಆರಂಭವಾದ ಆ ಸಭೆಯು ವರ್ಷವರ್ಷವೂ ಬೆಳೆದು, 1908ರಲ್ಲಿ ಅಮೆರಿಕದ ಗೃಹವಿಜ್ಞಾನ ಸಂಘವಾಗಿ ರೂಪುಗೊಂಡಿತು. ಅಮ್ಮನವರೇ ಅದರ ಮೊದಲನೆಯ ಅಧ್ಯಕ್ಷರು. ವಸತಿಗೃಹ, ಆಸ್ಪತ್ರೆ, ಶಾಲೆಗಳ ಅಡಿಗೆಮನೆಗಳನ್ನು ನಡೆಸುವುದು ಕ್ರಮವಾಗಿ ಕಲಿತು ಮಾಡಬೇಕಾದ ವೃತ್ತಿಯೆಂಬ ಭಾವನೆಯು ಈ ಸಂಘದ ಮೂಲಕ ಬಲಗೊಂಡಿತು.

ಈ ವಿದ್ಯೆಯಿಲ್ಲದಿದ್ದರೆ ಏನಾಗುವುದೆಂಬುದಕ್ಕೆ ಅದೇ ವರ್ಷಗಳಲ್ಲಿ ನ್ಯೂಯಾರ್ಕ್ ನಗರದಲ್ಲಿ ಒಂದು ದುಃಖಕರವಾದ ನಿದರ್ಶನವು ಕಂಡುಬಂದಿತು. ಮೇರಿ ಮ್ಯಾಲನ್ ಎಂಬ ಅಡಿಗೆಯವಳು ಕೆಲಸಮಾಡಿದ ಮನೆಗಳಲ್ಲಿ ಒಂದರ ಮೇಲೊಂದರಂತೆ ವಿಷಮಶೀತಜ್ವರವು ಹರಡಿತು. ಆಕೆಯು ಆರೋಗ್ಯವಾಗಿಯೇ ಇದ್ದಳು. ಆದರೂ ರೋಗದ ಕ್ರಿಮಿಗಳು ಆಕೆಯ ದೇಹದಲ್ಲಿ ವಾಸವಾಗಿದ್ದವು. 1907ರಲ್ಲಿ ಆಕೆಯನ್ನು ಪ್ರತ್ಯೇಕವಾಗಿರಿಸಿ, ಇನ್ನು ಅಡಿಗೆ ಮಾಡುವುದಿಲ್ಲವೆಂಬ ಮಾತನ್ನು ಪಡೆದು 1910ರಲ್ಲಿ ಬಿಟ್ಟರು. ತನ್ನಲ್ಲಿ ರೋಗವಿದೆಯೆಂಬುದನ್ನು ಆಕೆಯು ಎಂದೂ ನಂಬಲಿಲ್ಲ. ಬಲ್ಲ ಕೆಲಸವೂ ಅದೊಂದೇ. 1915ರಲ್ಲಿ ಬೇರೆ ಹೆಸರಿನಿಂದ ಹೆರಿಗೆ ಆಸ್ಪತ್ರೆಯೊಂದರಲ್ಲಿ ಅಡಿಗೆಗೆ ನಿಂತಿದ್ದಾಗ 25 ಮಂದಿಗೆ ಜ್ವರ ಬಂದು ಇಬ್ಬರು ತೀರಿಕೊಂಡರು. ಆಮೇಲೆ 1938ರಲ್ಲಿ ಸಾಯುವವರೆಗೂ ಆಕೆಗೆ ಬಿಡುಗಡೆಯಾಗಲಿಲ್ಲ. ಆಕೆಯನ್ನು ದುಷ್ಟಳೆನ್ನಲು ನಮ್ಮ ಮನಸ್ಸು ಒಪ್ಪದು. ಆದರೆ ಅಡುವ ಕೈಗೆ ತಿಳುವಳಿಕೆಯಿಲ್ಲದಿದ್ದರೆ, ಆ ಕೈಯನ್ನು ನೋಡಿಕೊಳ್ಳುವ ಬಲ್ಲವರೂ ಇಲ್ಲದಿದ್ದರೆ, ರುಚಿಯಾದ ಅಡಿಗೆಯೇ ಮೃತ್ಯುವಿಗೆ ದಾರಿಯಾಗಬಹುದು.

ರಿಚರ್ಡ್ಸ್ ಅಮ್ಮನವರಿಗೆ 1910ರಲ್ಲಿ ಸ್ಮಿತ್ ಕಾಲೇಜಿನವರು ಗೌರವ ಡಾಕ್ಟರ್ ಪದವಿಯನ್ನು ಕೊಟ್ಟರು. ತಾರುಣ್ಯದಲ್ಲಿ ದೊರೆಯದ ಮನ್ನಣೆಯು 67ನೆಯ ವಯಸ್ಸಿನಲ್ಲಿ ದೊರೆಯಿತು. ಮರುವರ್ಷ ಮಾರ್ಚ್ 30ರಂದು ಅವರು ಕಾಲವಾದರು.

ಅವರು ಬಿತ್ತಿದುದು ಇಂದು ಹಲವು ದೇಶಗಳಲ್ಲಿ ಬೆಳೆದಿದೆ. ಅಮೆರಿಕದ ಬಹು ಸಂಸ್ಥಾನಗಳಲ್ಲಿ ಭೋಜನಶಾಲೆಯನ್ನು ನಡೆಸುವವರು ಆಹಾರ ಸುರಕ್ಷತೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪ್ರಮಾಣಪತ್ರವನ್ನು ಪಡೆಯಬೇಕು. ನಮ್ಮ ದೇಶದಲ್ಲಿಯೂ 2006ರಲ್ಲಿ ಆಹಾರ ಸುರಕ್ಷತೆಯ ಶಾಸನವಾಯಿತು. 2017ರಲ್ಲಿ ಸರ್ಕಾರದ ಆಹಾರ ಸುರಕ್ಷತಾ ಪ್ರಾಧಿಕಾರವು ತರಬೇತಿಯ ಯೋಜನೆಯೊಂದನ್ನು ಆರಂಭಿಸಿ, 25 ಮಂದಿ ಕೆಲಸಗಾರರಿಗೆ ಕಡಿಮೆಯೆಂದರೆ ಒಬ್ಬ ತರಬೇತಾದ ಮೇಲ್ವಿಚಾರಕನಾದರೂ ಇರಬೇಕೆಂದು ಗೊತ್ತುಮಾಡಿತು. ಇಂತಹ ತರಬೇತಿಯ ಪಾಠಗಳು ಕೇಳುವುದಕ್ಕೆ ಸಾಧಾರಣವಾಗಿ ತೋರುವುವು. ಕೈಯನ್ನು ಸೋಪಿನಿಂದ ತೊಳೆಯಬೇಕು. ಜ್ವರವೋ ಭೇದಿಯೋ ಆದವರು ಆಹಾರವನ್ನು ಮುಟ್ಟಬಾರದು. ಹಸಿ ಮಾಂಸವನ್ನು ಬೆಂದ ಪದಾರ್ಥದಿಂದ ದೂರವಿಡಬೇಕು. ಬಿಸಿಯಾದುದನ್ನು ಬಿಸಿಯಾಗಿಯೂ ತಣ್ಣನೆಯದನ್ನು ತಣ್ಣಗೂ ಇಡಬೇಕು. ಉಗುರುಬೆಚ್ಚಗೆ ಬಹಳ ಹೊತ್ತು ಬಿಟ್ಟ ಅನ್ನದಲ್ಲಿಯೂ ಸಾರಿನಲ್ಲಿಯೂ ಕ್ರಿಮಿಗಳು ಬೇಗನೆ ವೃದ್ಧಿಯಾಗುವುವು. ಮಾಡಿದುದನ್ನು ದಿನವಹಿಯಲ್ಲಿ ಬರೆದಿಡಬೇಕು. ಇವು ಗೊತ್ತಿಲ್ಲದವರು ವಿರಳ. ದಿನವೂ ತಪ್ಪದೆ ನಡೆಸುವವರೂ ವಿರಳ. ಅರಿವು ಅಭ್ಯಾಸವಾಗಬೇಕೆಂದೇ ತರಬೇತಿ. ಅಭ್ಯಾಸಕ್ಕೆ ಹೊಣೆಗಾರರಿರಬೇಕೆಂದೇ ಪ್ರಮಾಣಪತ್ರ.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಯಾರಾದರೂ ವಸತಿಗೃಹದ ಇಲ್ಲವೆ ಆಸ್ಪತ್ರೆಯ ಅಡಿಗೆಮನೆಯ ಮೇಲ್ವಿಚಾರಣೆಯನ್ನು ವಹಿಸಿದ್ದರೆ, ತಮ್ಮ ಕೆಲಸವನ್ನು ಕೀಳೆಂದು ಎಣಿಸದಿರಲಿ. ಮಗಳು ಇಂತಹ ವಿದ್ಯೆಯನ್ನು ಕಲಿಯುವೆನೆಂದರೆ ತಾಯಿತಂದೆಗಳು ಅದನ್ನು ಒಲೆಯ ಮುಂದಿನ ಕೆಲಸವೆಂದು ತಳ್ಳಿಬಿಡದಿರಲಿ. ಹಾಗೆ ನೋಡಿದರೆ ರಿಚರ್ಡ್ಸ್ ಅಮ್ಮನವರ ಮುಂದೆಯೂ ಇದ್ದುದು ರೊಟ್ಟಿ, ಸಾರು, ಒಂದು ಲೋಟ ನೀರು ಮಾತ್ರ. ಅವುಗಳನ್ನು ಪರೀಕ್ಷಿಸದೆ ನಂಬಬಾರದೆಂದು ಅವರು ಕಲಿಸಿದರು. ಅವರು ಕಲಿಸಿದ ಶುಚಿತ್ವವನ್ನು ಪಾಲಿಸುವ ಅಡಿಗೆಮನೆಗಳಲ್ಲಿ ಮಕ್ಕಳೂ ರೋಗಿಗಳೂ ಇಂದು ನಿರ್ಭಯವಾಗಿ ಉಣ್ಣುತ್ತಿದ್ದಾರೆ.