ಕಡಲು ನೀಲಿಯೇಕೆ? ಸರ್ ಸಿ.ವಿ. ರಾಮನ್ ಅವರ ಬದುಕು



ಸಂಜೆ ಹೊತ್ತು ಮಡಿಕೇರಿಯ ರಾಜಾಸೀಟಿನಲ್ಲಿ ನೀವು ನಿಂತಿರಬಹುದು. ಎದುರಿನ ಬೆಟ್ಟಗಳು ಹತ್ತಿರದಲ್ಲಿ ಹಸಿರು, ದೂರ ಹೋದಂತೆ ನೀಲಿ. ಮುಳುಗುವ ಸೂರ್ಯನ ಸುತ್ತ ಆಕಾಶ ಕೆಂಪು. ಕೆಳಗಿನ ಕಣಿವೆಯಲ್ಲಿ ಮಂಜು ಮಾತ್ರ ಬಿಳಿ. ಎಲ್ಲದರ ಮೇಲೆ ಬೀಳುವುದು ಅದೇ ಸೂರ್ಯನ ಬೆಳಕು, ಆದರೆ ಬಣ್ಣ ಬೇರೆ ಬೇರೆ. ಏಕೆ? ಹೀಗೆ ತರಗತಿಯಲ್ಲಿ ಎದ್ದು ಕೇಳಿದರೆ ಪಕ್ಕದವರು ನಗುತ್ತಾರೋ ಎಂಬ ಅಂಜಿಕೆಯಿಂದ ನಮ್ಮಲ್ಲಿ ಹೆಚ್ಚಿನವರು ಬಾಯಿ ತೆರೆಯುವುದೇ ಇಲ್ಲ. ಭೌತಶಾಸ್ತ್ರ ಕಷ್ಟ ಎಂದು ಮಕ್ಕಳು ಹಿಂಜರಿಯುವುದಕ್ಕೆ ಪಾಠಕ್ಕಿಂತ ಈ ಮೌನವೇ ದೊಡ್ಡ ಕಾರಣವೆಂದು ನನ್ನ ಅನಿಸಿಕೆ. ಇಂಥದೇ ಎಳೆಯ ಪ್ರಶ್ನೆಯೊಂದನ್ನು ಪ್ರೊಫೆಸರ್ ಆದ ಮೇಲೂ ಬಿಡದೆ ಕೇಳಿದ ಒಬ್ಬರ ಜೀವನವನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಚಂದ್ರಶೇಖರ ವೆಂಕಟ ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯಲ್ಲಿ. ತಂದೆ ಗಣಿತ ಮತ್ತು ಭೌತಶಾಸ್ತ್ರದ ಅಧ್ಯಾಪಕರು. ಮನೆಯಲ್ಲಿ ಹಣ ಹೆಚ್ಚಿರಲಿಲ್ಲ, ಪುಸ್ತಕಗಳಿದ್ದವು. ಹನ್ನೊಂದನೇ ವಯಸ್ಸಿಗೇ ಮೆಟ್ರಿಕ್ ಮುಗಿಸಿದ ಹುಡುಗ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು ಸೇರಿ, 1904ರಲ್ಲಿ ಚಿನ್ನದ ಪದಕದೊಂದಿಗೆ ಬಿ.ಎ. ಪಡೆದರು. ಅವರ ಮೊದಲ ಸಂಶೋಧನಾ ಲೇಖನ 1906ರಲ್ಲಿ ಇಂಗ್ಲೆಂಡಿನ ಪತ್ರಿಕೆಯೊಂದರಲ್ಲಿ ಅಚ್ಚಾದಾಗ ಅವರಿನ್ನೂ ವಿದ್ಯಾರ್ಥಿ.

ಆದರೆ ಆ ಕಾಲದಲ್ಲಿ ವಿಜ್ಞಾನ ಓದಿದವನಿಗೆ ಅದರಲ್ಲೇ ಅನ್ನ ಸಿಗುವ ದಾರಿ ಬಹಳ ಕಡಿಮೆ ಇತ್ತು. ರಾಮನ್ ಹಣಕಾಸು ಇಲಾಖೆಯ ಪರೀಕ್ಷೆ ಬರೆದು, 1907ರಲ್ಲಿ ಸಹಾಯಕ ಅಕೌಂಟೆಂಟ್ ಜನರಲ್ ಆಗಿ ಕಲ್ಕತ್ತಾಕ್ಕೆ ಹೋದರು. ಒಳ್ಳೆಯ ಸಂಬಳ, ಸರಕಾರಿ ಗೌರವ. ಬೇರೆ ಯಾರಾದರೂ ಅಷ್ಟಕ್ಕೇ ತೃಪ್ತರಾಗುತ್ತಿದ್ದರು. ಬೌಬಜಾರ್ ರಸ್ತೆಯಲ್ಲಿ ಸಾಗುವಾಗ ಭಾರತೀಯ ವಿಜ್ಞಾನ ಪ್ರಸಾರ ಸಂಘದ ಬೋರ್ಡು ಅವರ ಕಣ್ಣಿಗೆ ಬಿತ್ತು. ಡಾ. ಮಹೇಂದ್ರಲಾಲ್ ಸರ್ಕಾರ್ ಎಂಬ ವೈದ್ಯರು 1876ರಲ್ಲಿ ಕಟ್ಟಿದ್ದ ಆ ಸಂಸ್ಥೆಯಲ್ಲಿ ಪ್ರಯೋಗಾಲಯವಿತ್ತು, ಪ್ರಯೋಗ ಮಾಡುವವರು ಇರಲಿಲ್ಲ. ಅಂದಿನಿಂದ ಬೆಳಿಗ್ಗೆ ಕಚೇರಿಗೆ ಮುಂಚೆ ಅಲ್ಲಿ, ಹಗಲು ಲೆಕ್ಕಪತ್ರ, ಸಂಜೆ ಮತ್ತೆ ಅಲ್ಲಿ. ಹಲವು ವರ್ಷ ಹೀಗೆ ನಡೆಯಿತು. ಪಿಟೀಲು, ಮೃದಂಗ, ತಬಲಾಗಳ ನಾದವನ್ನೂ ಅವರು ಪರಿಶೀಲಿಸಿದರು. ಸಾಮಾನ್ಯ ಚರ್ಮವಾದ್ಯದ ಸದ್ದಿನಲ್ಲಿ ಶ್ರುತಿ ಸ್ಪಷ್ಟವಾಗಿರುವುದಿಲ್ಲ, ಮೃದಂಗ ಮತ್ತು ತಬಲಾದಲ್ಲಿ ಇರುತ್ತದೆ. ಚರ್ಮದ ಮೇಲಿನ ಆ ಕಪ್ಪು ಕರಣೆಯೇ ಕಾರಣವೆಂದು ತೋರಿಸಿದರು. ನಮ್ಮ ದಫ್ ಮತ್ತು ದುಡಿಗೆ ಅದಿಲ್ಲ, ಗಮನಿಸಿ ನೋಡಿ.

1917ರಲ್ಲಿ ಕಲ್ಕತ್ತಾ ವಿಶ್ವವಿದ್ಯಾನಿಲಯದ ಪಾಲಿತ್ ಪ್ರೊಫೆಸರ್ ಹುದ್ದೆಗೆ ಕರೆ ಬಂತು. ಒಪ್ಪಿದರೆ ಸಂಬಳ ಸುಮಾರು ಅರ್ಧಕ್ಕಿಳಿಯುತ್ತಿತ್ತು. ರಾಮನ್ ಸರಕಾರಿ ಕೆಲಸಕ್ಕೆ ರಾಜೀನಾಮೆ ಕೊಟ್ಟರು. ಆ ಹುದ್ದೆಗೆ ವಿದೇಶದಲ್ಲಿ ತರಬೇತಿ ಪಡೆದಿರಬೇಕೆಂಬ ನಿಯಮವಿತ್ತು. ಅದಕ್ಕೆ ಅವರು ಒಪ್ಪಲಿಲ್ಲ, ಅಶುತೋಷ್ ಮುಖರ್ಜಿಯವರು ನಿಯಮವನ್ನೇ ಸಡಿಲಿಸಿದರು.

ಈಗ ನಮ್ಮ ಪ್ರಶ್ನೆಗೆ ಬರೋಣ. 1921ರಲ್ಲಿ ರಾಮನ್ ಮೊದಲ ಬಾರಿ ಇಂಗ್ಲೆಂಡಿಗೆ ಹೋಗಿ, ನಾರ್ಕುಂಡಾ ಎಂಬ ಹಡಗಿನಲ್ಲಿ ಮರಳುತ್ತಿದ್ದರು. ಮೆಡಿಟರೇನಿಯನ್ ಸಮುದ್ರದ ದಟ್ಟ ನೀಲಿ ಅವರನ್ನು ಹಿಡಿದು ನಿಲ್ಲಿಸಿತು. ನೀವೂ ಓದಿರಬಹುದು, ಆಕಾಶ ನೀಲಿ, ಅದರ ಪ್ರತಿಬಿಂಬ ಬಿದ್ದು ಕಡಲೂ ನೀಲಿ ಎಂದು. ದೊಡ್ಡ ವಿಜ್ಞಾನಿ ಲಾರ್ಡ್ ರ್‍ಯಾಲೆ ಹೇಳಿದ್ದೂ ಅದನ್ನೇ. ರಾಮನ್ ಜೇಬಿನಲ್ಲಿ ನಿಕೋಲ್ ಪ್ರಿಸಂ ಎಂಬ ಪುಟ್ಟ ಸ್ಫಟಿಕವಿತ್ತು. ಸರಿಯಾದ ಕೋನದಲ್ಲಿ ಹಿಡಿದರೆ ನೀರಿನ ಮೇಲ್ಮೈಯಿಂದ ಪ್ರತಿಫಲಿಸಿದ ಬೆಳಕನ್ನು ಅದು ತಡೆಯುತ್ತದೆ. ಪ್ರತಿಬಿಂಬವೇ ಕಾರಣವಾಗಿದ್ದರೆ ಆಗ ನೀಲಿ ಮಾಯವಾಗಬೇಕಿತ್ತು. ಮಾಯವಾಗಲಿಲ್ಲ, ಇನ್ನಷ್ಟು ಗಾಢವಾಯಿತು. ಬಣ್ಣ ಬರುತ್ತಿರುವುದು ನೀರಿನ ಒಳಗಿನಿಂದಲೇ. ಹಡಗು ಬೊಂಬಾಯಿ ಬಂದರು ಸೇರುವಷ್ಟರಲ್ಲಿ ನೇಚರ್ ಪತ್ರಿಕೆಗೆ ಬರಹ ಸಿದ್ಧವಿತ್ತು.

ಬೆಳಕು ಗಾಳಿಯ ಅಣುಗಳಿಗೆ ತಾಗಿದಾಗ ಎಲ್ಲ ದಿಕ್ಕಿಗೂ ಚದುರುತ್ತದೆ. ತರಂಗದೂರ ಕಡಿಮೆಯಿರುವ ನೀಲಿ, ಕೆಂಪಿಗಿಂತ ಐದಾರು ಪಟ್ಟು ಹೆಚ್ಚು ಚದುರುತ್ತದೆ. ಆಕಾಶ ನೀಲಿಯಾಗಿರುವುದೂ, ನಡುವಿನ ಗಾಳಿಯಿಂದಾಗಿ ದೂರದ ಬೆಟ್ಟ ನೀಲಿಯಾಗಿ ಕಾಣುವುದೂ ಇದರಿಂದ. ಸಂಜೆ ಬೆಳಕು ಬಹುದೂರ ಗಾಳಿಯಲ್ಲಿ ಬರುವಾಗ ನೀಲಿ ದಾರಿಯಲ್ಲೇ ಚದುರಿಹೋಗಿ ಕೆಂಪು ಉಳಿಯುತ್ತದೆ. ನೇರಳೆ ಇನ್ನೂ ಹೆಚ್ಚು ಚದುರುತ್ತದಲ್ಲ, ಆಕಾಶ ನೇರಳೆ ಏಕಲ್ಲ ಎಂದು ನೀವು ಕೇಳಿದರೆ ಅದು ಒಳ್ಳೆಯ ಪ್ರಶ್ನೆ. ಸೂರ್ಯನ ಬೆಳಕಿನಲ್ಲಿ ನೇರಳೆ ಕಡಿಮೆ, ನಮ್ಮ ಕಣ್ಣು ಅದನ್ನು ಗ್ರಹಿಸುವುದೂ ಕಡಿಮೆ. ಮಂಜಿನ ಹನಿಗಳು ಬೆಳಕಿನ ತರಂಗಕ್ಕಿಂತ ಬಹಳ ದೊಡ್ಡವು, ಎಲ್ಲ ಬಣ್ಣವನ್ನೂ ಸಮನಾಗಿ ಚದುರಿಸುತ್ತವೆ, ಆದ್ದರಿಂದ ಬಿಳಿ. ಮನೆಯಲ್ಲೇ ಪರೀಕ್ಷಿಸಬಹುದು. ಗಾಜಿನ ಲೋಟದ ನೀರಿಗೆ ನಾಲ್ಕು ಹನಿ ಹಾಲು ಹಾಕಿ ಕತ್ತಲೆಯಲ್ಲಿ ಟಾರ್ಚು ಬಿಡಿ. ಪಕ್ಕದಿಂದ ನೋಡಿದರೆ ನಸುನೀಲಿ, ಟಾರ್ಚಿಗೆ ಎದುರಾಗಿ ನೋಡಿದರೆ ಕೆಂಪುಹಳದಿ. ಹನ್ನೊಂದನೇ ಶತಮಾನದಲ್ಲಿ ಕೈರೋದಲ್ಲಿ ಕಿತಾಬುಲ್ ಮನಾಝಿರ್ ಬರೆದ ಇಬ್ನುಲ್ ಹೈಸಮ್ ಕೂಡ ಬೆಳಕನ್ನು ಹೀಗೆ ಕತ್ತಲೆ ಕೋಣೆಯಲ್ಲಿ ಪರೀಕ್ಷಿಸಿಯೇ ನೋಡಿದವರು.

ಕಡಲಿನ ವಿಷಯದಲ್ಲಿ ರಾಮನ್ ಹೇಳಿದ್ದು ಪೂರ್ಣವಲ್ಲ. ನೀರು ಕೆಂಪು ಬೆಳಕನ್ನು ಹೀರಿಕೊಳ್ಳುವುದು ಅದರ ನೀಲಿಗೆ ಮುಖ್ಯ ಕಾರಣವೆಂದು ಈಗ ತಿಳಿದಿದೆ. ಇನ್ನೊಂದು ತಪ್ಪು ನಮ್ಮ ಪರೀಕ್ಷಾ ಉತ್ತರಗಳಲ್ಲಿ ಆಗಾಗ ಕಾಣುತ್ತದೆ. ಆಕಾಶ, ಕಡಲು ನೀಲಿಯಾಗುವುದೇ ರಾಮನ್ ಪರಿಣಾಮ ಎಂದು ಬರೆಯಬೇಡಿ. ಅಲ್ಲಿ ಚದುರಿದ ಬೆಳಕಿನ ಬಣ್ಣ ಬದಲಾಗುವುದಿಲ್ಲ, ಇರುವ ಬಣ್ಣಗಳು ಬೇರ್ಪಡುತ್ತವೆ ಅಷ್ಟೆ. ಒಂದೇ ಬಣ್ಣದ ಬೆಳಕನ್ನು ದ್ರವದೊಳಗೆ ಬಿಟ್ಟಾಗ, ಚದುರಿದ ಬೆಳಕಿನಲ್ಲಿ ಮೊದಲು ಇಲ್ಲದ ಬೇರೆ ಬಣ್ಣವೂ ಅತಿ ಸ್ವಲ್ಪ ಇರುತ್ತದೆ. ಸುಮಾರು ಕೋಟಿ ಬೆಳಕಿನ ಕಣಗಳಲ್ಲಿ ಒಂದು ಮಾತ್ರ ಅಣುವಿಗೆ ತನ್ನ ಶಕ್ತಿಯ ಒಂದಂಶ ಕೊಟ್ಟೋ, ಅದರಿಂದ ಪಡೆದೋ ಹೊರಬರುತ್ತದೆ. ರಾಮನ್ ಪರಿಣಾಮವೆಂದರೆ ಇದು. ಕಡಲಿನ ಪ್ರಶ್ನೆಯ ಬೆನ್ನು ಹತ್ತಿ, ಏಳು ವರ್ಷಗಳ ದುಡಿಮೆಯ ನಂತರ, ಶಿಷ್ಯ ಕೆ.ಎಸ್. ಕೃಷ್ಣನ್ ಅವರ ನೆರವಿನೊಂದಿಗೆ 1928ರ ಫೆಬ್ರವರಿ 28ರಂದು ಅದು ಖಚಿತವಾಯಿತು. ಮಾರ್ಚ್ 16ರಂದು ರಾಮನ್ ಅದನ್ನು ವಿವರಿಸಿ ಉಪನ್ಯಾಸ ಕೊಟ್ಟದ್ದು ನಮ್ಮ ಬೆಂಗಳೂರಿನಲ್ಲಿ. ಅಣು ಯಾವುದೆಂಬುದರ ಮೇಲೆ ಆ ಹೊಸ ಬಣ್ಣ ನಿಲ್ಲುವುದರಿಂದ, ಔಷಧ, ರತ್ನಗಳ ಪರೀಕ್ಷೆಗೆ ಇಂದು ಈ ವಿಧಾನವನ್ನು ಬಳಸುತ್ತಾರೆ.

1930ರಲ್ಲಿ ನೊಬೆಲ್ ಬಂತು, ವಿಜ್ಞಾನದಲ್ಲಿ ಏಷ್ಯಾಕ್ಕೆ ಮೊದಲನೆಯದು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾದರು. ಆದರೆ ಆಡಳಿತದವರೊಂದಿಗೆ ಕಲಹವಾಗಿ 1937ರಲ್ಲಿ ನಿರ್ದೇಶಕ ಸ್ಥಾನ ಬಿಟ್ಟರು. ಹಟಮಾರಿ ಸ್ವಭಾವ ಅವರದು.

ಓದುವ ಹೆಣ್ಣುಮಕ್ಕಳು ಇನ್ನೊಂದು ಸಂಗತಿ ತಿಳಿದಿರಬೇಕು. 1933ರಲ್ಲಿ ಬೊಂಬಾಯಿಯಲ್ಲಿ ಬಿ.ಎಸ್ಸಿ. ಮುಗಿಸಿದ ಕಮಲಾ ಭಾಗವತ್ ಆ ಸಂಸ್ಥೆಗೆ ಅರ್ಜಿ ಹಾಕಿದಾಗ, ಹೆಣ್ಣೆಂಬ ಕಾರಣಕ್ಕೆ ರಾಮನ್ ಸೇರಿಸಿಕೊಳ್ಳಲಿಲ್ಲ. ಆಕೆ ಪಟ್ಟು ಬಿಡದೆ ಕೇಳಿದರು. ಒಂದು ವರ್ಷ ಪರೀಕ್ಷಾರ್ಥವಾಗಿ ಎಂಬ ಷರತ್ತಿನ ಮೇಲೆ ಪ್ರವೇಶ ಸಿಕ್ಕಿತು. ವರ್ಷ ಮುಗಿದಾಗ ಅವರ ಕೆಲಸ ನೋಡಿ ರಾಮನ್ ಮನಸ್ಸು ಬದಲಿಸಿ, ಹೆಣ್ಣುಮಕ್ಕಳಿಗೆ ಬಾಗಿಲು ತೆರೆದರು. ಕಮಲಾ ಸೋಹೋನಿ ಎಂದು ಹೆಸರಾದ ಆಕೆ 1939ರಲ್ಲಿ ಕೇಂಬ್ರಿಡ್ಜ್‌ನಿಂದ ಡಾಕ್ಟರೇಟ್ ಪಡೆದರು. ಬೆಳಕಿನ ವಿಷಯದಲ್ಲಿ ಯಾವ ಹಳೆಯ ಮಾತನ್ನೂ ಪರೀಕ್ಷಿಸದೆ ಒಪ್ಪದ ರಾಮನ್, ಈ ಹಳೆಯ ಮಾತನ್ನು ಮೊದಲಿಗೆ ಹಾಗೆಯೇ ನಂಬಿಬಿಟ್ಟಿದ್ದರು.

1948ರಲ್ಲಿ, ಮೈಸೂರು ಸರಕಾರ ಹಿಂದೆ ಕೊಟ್ಟಿದ್ದ ಜಾಗದಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆ ಕಟ್ಟಿದರು. 1954ರಲ್ಲಿ ಭಾರತ ರತ್ನ ಬಂತು. ಕೊನೆಯ ವರ್ಷಗಳಲ್ಲಿ ಹೂವುಗಳ ಬಣ್ಣ, ವಜ್ರ, ಕಣ್ಣಿನ ದೃಷ್ಟಿ ಇವೇ ಅವರ ವಿಷಯ. ಶಾಲಾ ಮಕ್ಕಳು ಬಂದರೆ ತಾವೇ ತೋರಿಸಿ ವಿವರಿಸುತ್ತಿದ್ದರು. 1970ರ ನವೆಂಬರ್ 21ರಂದು ತೀರಿಕೊಂಡಾಗ ಅವರ ಇಚ್ಛೆಯಂತೆ ಸಂಸ್ಥೆಯ ತೋಟದಲ್ಲೇ ಅಂತ್ಯಕ್ರಿಯೆ ನಡೆಯಿತು. ಅಲ್ಲಿ ಸಮಾಧಿಯ ಕಲ್ಲು ಕಟ್ಟಲಿಲ್ಲ, ಒಂದು ಮರ ನೆಟ್ಟರು.