ತಡೆಗೋಡೆಯನ್ನೂ ಸರಿಯಾಗಿ ಕಟ್ಟಿದ ಶಿಲ್ಪಿ

ಇದೇ ಶಾಲೆಯಲ್ಲಿ ಓದಿ ಸಿವಿಲ್ ಇಂಜಿನಿಯರ್ ಆದವನು ನಾನು. ಸುವರ್ಣ ಮಹೋತ್ಸವದ ಸಂಚಿಕೆಗೆ ಒಬ್ಬ ಮಹನೀಯರ ಬಗ್ಗೆ ಬರೆದುಕೊಡಿ ಎಂದು ಮುಖ್ಯೋಪಾಧ್ಯಾಯರು ಕೇಳಿದಾಗ ನೆನಪಾದವರು ಜರ್ಮನಿಯ ವಾಸ್ತುಶಿಲ್ಪಿ ಗಾಟ್‌ಫ್ರೀಡ್ ಸೆಂಪರ್.

ಸೆಂಪರ್ ಹುಟ್ಟಿದ್ದು 1803ರಲ್ಲಿ. 1834ರಲ್ಲಿ ಸ್ಯಾಕ್ಸನಿ ರಾಜ್ಯದ ರಾಜಧಾನಿ ಡ್ರೆಸ್ಡೆನ್‌ನ ಕಲಾ ಅಕಾಡೆಮಿಗೆ ಪ್ರಾಧ್ಯಾಪಕರಾಗಿ ಬಂದರು. ಅಲ್ಲಿ ಅವರು ಕಟ್ಟಿಸಿದ ಆಸ್ಥಾನ ರಂಗಮಂದಿರ 1841ರಲ್ಲಿ ಆರಂಭವಾಯಿತು. ರಾಜಾಶ್ರಯ, ಸಂಬಳ, ಕೀರ್ತಿ ಎಲ್ಲವೂ ಇತ್ತು. ಆದರೂ ಅವರ ನಂಬಿಕೆ ಪ್ರಜಾಧಿಕಾರದಲ್ಲಿತ್ತು.

1849ರ ಮೇ ತಿಂಗಳಲ್ಲಿ, ಜರ್ಮನಿಯ ಜನಪ್ರತಿನಿಧಿಗಳು ರಚಿಸಿದ್ದ ಸಂವಿಧಾನವನ್ನು ಸ್ಯಾಕ್ಸನಿಯ ರಾಜ ಒಪ್ಪಲಿಲ್ಲ. ಜನ ದಂಗೆ ಎದ್ದರು. ಸೈನ್ಯವನ್ನು ತಡೆಯಲು ಬೀದಿಗಳಿಗೆ ಅಡ್ಡಗೋಡೆ ಹಾಕಿದರು. ನಾಗರಿಕ ಪಡೆಯಲ್ಲಿದ್ದ ಸೆಂಪರ್ ಅಂಥ ಒಂದು ಗೋಡೆಯನ್ನು ನೋಡಿ, ಅದರ ಕಳಪೆ ಕಟ್ಟಣೆಗೆ ಕಳವಳಪಟ್ಟರೆಂದು ಅವರ ಗೆಳೆಯ, ಸಂಗೀತಗಾರ ರಿಚರ್ಡ್ ವಾಗ್ನರ್ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಸೆಂಪರ್ ತಾವೇ ಮುಂದೆ ನಿಂತು ತಡೆಗೋಡೆ ಕಟ್ಟಿಸಿದರು. ಪ್ರಷ್ಯಾದ ಸೈನ್ಯವೂ ಬಂದು ಕೆಲವೇ ದಿನಗಳಲ್ಲಿ ದಂಗೆಯನ್ನು ಅಡಗಿಸಿತು. ಬಂಧನದ ಆಜ್ಞೆ ಹೊರಟಿತು. ಸೆಂಪರ್ ದೇಶ ಬಿಟ್ಟರು.

ಪ್ಯಾರಿಸ್, ಲಂಡನ್ ಎಂದು ಅಲೆದ ಆ ದಿನಗಳಲ್ಲೇ, 1851ರಲ್ಲಿ, ವಾಸ್ತುಶಿಲ್ಪದ ಮೂಲಾಂಶಗಳ ಕುರಿತ ಅವರ ಪುಸ್ತಕ ಹೊರಬಂತು. ಒಲೆ, ಜಗಲಿ, ಮಾಡು, ಆವರಣ ಈ ನಾಲ್ಕೇ ಎಲ್ಲ ಕಟ್ಟಡಕ್ಕೂ ಬೇರು ಎಂದರು. ಗೋಡೆಯ ಹುಟ್ಟನ್ನು ಕಲ್ಲಿನಲ್ಲಿ ಹುಡುಕದೆ, ಹೆಣೆದ ತಟ್ಟಿ-ಚಾಪೆಯಲ್ಲಿ ಕಂಡರು. 1855ರಿಂದ ಜೂರಿಕ್‌ನಲ್ಲಿ ಪಾಠ ಹೇಳಿದರು. ಬಂಧನದ ಆಜ್ಞೆ ರದ್ದಾಗಲು 1863 ಬರಬೇಕಾಯಿತು.

1869ರಲ್ಲಿ ಡ್ರೆಸ್ಡೆನ್‌ನ ರಂಗಮಂದಿರ ಬೆಂಕಿಗೆ ಆಹುತಿಯಾಯಿತು. ಸೆಂಪರ್ ಅವರೇ ಮತ್ತೆ ಕಟ್ಟಬೇಕೆಂದು ಊರಿನ ಜನ ಒತ್ತಾಯಿಸಿದರು. ಅವರು ನಕ್ಷೆ ಮಾಡಿಕೊಟ್ಟರು. ಮಗ ಮಾನ್‌ಫ್ರೆಡ್ ಸ್ಥಳದಲ್ಲಿ ನಿಂತು ಕೆಲಸ ಮಾಡಿಸಿದರು. 1878ರಲ್ಲಿ ಅದು ಮುಗಿಯಿತು. ಮರುವರ್ಷ ಸೆಂಪರ್ ರೋಮ್‌ನಲ್ಲಿ ತೀರಿಕೊಂಡರು. 1945ರ ಬಾಂಬ್ ದಾಳಿಯಲ್ಲಿ ಆ ಕಟ್ಟಡವೂ ಹಾಳಾಗಿ, ಪುನಃ ಕಟ್ಟಿ 1985ರಲ್ಲಿ ತೆರೆದರು. ಇಂದಿಗೂ ಅದನ್ನು ಸೆಂಪರ್ ಹೆಸರಿನಿಂದಲೇ ಕರೆಯುತ್ತಾರೆ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಒಂದು ಕಾಂಪೌಂಡ್ ಗೋಡೆಗೆ ಸಿಮೆಂಟು ಕಡಿಮೆ ಬಿದ್ದದ್ದು ಕಂಡೂ, ಮೇಲಿನವರಿಗೆ ಹೆದರಿ ಅಳತೆ ಪುಸ್ತಕಕ್ಕೆ ಸಹಿ ಹಾಕಿದ್ದೆ. ಎರಡನೇ ಮಳೆಗಾಲಕ್ಕೆ ಗೋಡೆ ಉರುಳಿತು. ಯಾರಿಗೂ ಪೆಟ್ಟಾಗಲಿಲ್ಲ, ಅದು ನನ್ನ ಪುಣ್ಯ. ಸೆಂಪರ್ ನಾಲ್ಕು ದಿನದ ತಡೆಗೋಡೆಯಲ್ಲೂ ಕಳಪೆ ಕೆಲಸ ಸಹಿಸಲಿಲ್ಲ; ರಾಜನಿಗೂ ಹೆದರಲಿಲ್ಲ. ಅವರ ಬದುಕನ್ನು ಓದಿದ ಮೇಲೆ ನಾನು ಅಂಥ ಸಹಿ ಹಾಕಿಲ್ಲ. ಈ ಶಾಲೆಯಿಂದ ಮುಂದೆ ಇಂಜಿನಿಯರ್, ಮೇಸ್ತ್ರಿ ಆಗಲಿರುವ ಮಕ್ಕಳಿಗೆ ಹೇಳಬೇಕೆನಿಸಿದ್ದು ಇಷ್ಟೇ.